ಮಲ್ಪೆಯಾಚೆಯ ಹವಳದಿಬ್ಬ ಮತ್ತು ಅದರ ಒಕ್ಕಲು



ನೀವು ಪದ್ಮನಾಭನಗರದಲ್ಲೋ ಬನಶಂಕರಿಯಲ್ಲೋ ಮನೆ ಮಾಡಿಕೊಂಡಿರುವವರಾದರೆ ಸಮುದ್ರ ನಿಮಗೆ ದೂರದ ಮಾತು. ರಸ್ತೆಯಲ್ಲಿ ಹೋದರೆ ಮಲ್ಪೆಗೆ ಸುಮಾರು 400 ಕಿ.ಮೀ. ಎತ್ತರದಲ್ಲಿಯೂ ದೂರವೇ, ನಾವು ವಾಸಿಸುತ್ತಿರುವುದು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲೆ. ಹೀಗಿದ್ದೂ ಈ ಸಲದ ವಾರ್ಷಿಕ ಸಂಚಿಕೆಗೆ ಸಮುದ್ರದ ಚರಿತ್ರೆಯನ್ನು ಬರೆಯಲು ಹೊರಟಿರುವುದಕ್ಕೆ ತರಗತಿಯೊಂದರ ಸಣ್ಣ ಪ್ರಶ್ನೆಯೇ ಕಾರಣ. ಉರ್ದು ಪಾಠದಲ್ಲಿ ‘ಮರ್ಜಾನ್’ ಎಂಬ ಪದ ಬಂದಿತ್ತು. ಸೂರಃ ರಹ್ಮಾನ್ ಓದಿದ ಮಕ್ಕಳಿಗೆ ಆ ಪದ ಹೊಸದಲ್ಲ, ಮುತ್ತಿನ ಜೊತೆಯಲ್ಲಿ ಅದು ಅಲ್ಲಿ ಬರುತ್ತದೆ. ಕನ್ನಡದಲ್ಲಿ ಹವಳ, ಮನೆಮಾತಿನಲ್ಲಿ ಮೂಂಗಾ ಎಂದು ಅರ್ಥ ಹೇಳಿ ಮುಂದಕ್ಕೆ ಹೋಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. “ಟೀಚರ್, ಹವಳ ಅಂದ್ರೆ ಕಲ್ಲಾ, ಗಿಡಾನಾ?”

“ಕಲ್ಲು” ಎಂದು ಹೇಳಿ ಕೂರಿಸಿಬಿಟ್ಟೆ. ಉಂಗುರದಲ್ಲಿ ಕಂಡದ್ದನ್ನೇ ನಾನೂ ನಂಬಿಕೊಂಡಿದ್ದೆ. ಸಂಜೆ ಮನೆಗೆ ಬಂದು ಪುಸ್ತಕ ತೆರೆದು ನೋಡಿದಾಗ ಅದು ಕಲ್ಲೂ ಅಲ್ಲ ಗಿಡವೂ ಅಲ್ಲ, ಪ್ರಾಣಿ ಎಂದು ತಿಳಿಯಿತು. ಮಾರನೆಯ ದಿನ ತರಗತಿಯಲ್ಲಿ ತಪ್ಪನ್ನು ಒಪ್ಪಿಕೊಂಡೆ. ಆದರೆ ಅಲ್ಲಿಂದ ಮುಂದಕ್ಕೆ ಓದುತ್ತಾ ಹೋದಂತೆ, ಈ ಪ್ರಾಣಿಯ ಮೈಮೇಲೆ ಒಕ್ಕಲಿರುವ ಬೇರೆ ಪ್ರಾಣಿಗಳ ಲೋಕವೊಂದು ಎದುರಾಯಿತು. ಅದನ್ನು ಹುಡುಕಿದವರ ಕಥೆಯಲ್ಲಿ ನಮ್ಮ ಕರಾವಳಿಯ ಹೆಸರಿದೆ. ನಮ್ಮ ಮಕ್ಕಳು ಕೇಳಿಯೇ ಇರದ ಒಬ್ಬ ದೊಡ್ಡ ವಿಜ್ಞಾನಿಯ ಹೆಸರೂ ಇದೆ.

ಆ ಹುಡುಗನ ಪ್ರಶ್ನೆ ಬಹಳ ಹಳೆಯದು. 11ನೇ ಶತಮಾನದ ಅಲ್‌ಬಿರೂನಿ ಹವಳವನ್ನೂ ಸ್ಪಂಜನ್ನೂ ಪ್ರಾಣಿಗಳ ಸಾಲಿಗೆ ಸೇರಿಸಿದ್ದನೆಂದೂ, ಮುಟ್ಟಿದರೆ ಅವು ಪ್ರತಿಕ್ರಿಯೆ ತೋರುತ್ತವೆ ಎಂಬುದು ಅವನು ಕೊಟ್ಟ ಕಾರಣವೆಂದೂ ವಿಜ್ಞಾನದ ಚರಿತ್ರಕಾರರು ಬರೆಯುತ್ತಾರೆ. ಯುರೋಪಿನಲ್ಲಿ ಮಾತ್ರ ಬಹುಕಾಲ ಅದು ಗಿಡವೇ ಆಗಿತ್ತು. 1706ರಲ್ಲಿ ಮಾರ್ಸಿಲಿ ಎಂಬ ಇಟಲಿಯ ವಿದ್ವಾಂಸ ಕೆಂಪು ಹವಳದ ಕೊಂಬೆಯನ್ನು ಸಮುದ್ರದ ನೀರಿನಲ್ಲೇ ಇಟ್ಟು ನೋಡಿದ. ಎಂಟು ಎಸಳಿನ ಬಿಳಿಯ ‘ಹೂ’ಗಳು ಅರಳಿದವು, ಗಿಡವೆಂಬುದು ಸಾಬೀತಾಯಿತೆಂದು ಸಂತೋಷಪಟ್ಟ. ಸುಮಾರು 20 ವರ್ಷಗಳ ನಂತರ ಪೆಯ್ಸೊನೆಲ್ ಎಂಬ ಫ್ರೆಂಚ್ ವೈದ್ಯ ಉತ್ತರ ಆಫ್ರಿಕದ ಕರಾವಳಿಯಲ್ಲಿ ಹವಳ ತೆಗೆಯುವವರ ನಡುವೆ ಇದ್ದು, ಅದೇ ‘ಹೂ’ಗಳು ಮುಟ್ಟಿದರೆ ಮುದುಡುವುದನ್ನು ಕಂಡು, ಇವು ಹೂವಲ್ಲ ಹುಳು ಎಂದು ಪ್ಯಾರಿಸಿನ ವಿದ್ವತ್ಸಭೆಗೆ ಬರೆದ. ಸಭೆ ಒಪ್ಪಲಿಲ್ಲ. ಅವನ ಮಾತು ಸರಿಯೆಂದು ದೊಡ್ಡವರು ಒಪ್ಪಿಕೊಳ್ಳಲು 1740ರ ದಶಕ ಬರಬೇಕಾಯಿತು.

ಇಷ್ಟನ್ನು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಹವಳ ಆಗಲೂ ಜಗತ್ತಿನ ಎಲ್ಲ ಪೇಟೆಗಳಲ್ಲೂ ಇತ್ತು. ಮೆಡಿಟರೇನಿಯನ್ ಸಮುದ್ರದ ಕೆಂಪು ಹವಳ ಗೋವಾ ಬಂದರಿನ ಮೂಲಕ ನಮ್ಮ ನಾಡಿಗೂ ಬರುತ್ತಿತ್ತು. ಅಜ್ಜಿಯರ ಕೊರಳಿನ ಹವಳದ ಸರಕ್ಕೂ ಆ ವ್ಯಾಪಾರಕ್ಕೂ ನಂಟಿದೆ. ಸಾವಿರಾರು ಕೈಗಳು ಅದನ್ನು ತೂಗಿ, ಉಜ್ಜಿ, ಪೋಣಿಸಿದವು. ನೀರಿನಲ್ಲಿ ಇಟ್ಟು ಕಾದು ನೋಡಿದವರು ಮಾತ್ರ ಬೆರಳೆಣಿಕೆಯಷ್ಟು ಜನ.

ಇನ್ನು ನಮ್ಮ ಕಡೆಗೆ ಬರೋಣ. ಕನ್ನಡ ನಾಡಿಗೂ ಹವಳದ ದ್ವೀಪಗಳಿಗೂ ಹಳೆಯ ಆಡಳಿತದ ಸಂಬಂಧವಿದೆಯೆಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಲಕ್ಷದ್ವೀಪದ ಉತ್ತರ ಭಾಗದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1780ರ ದಶಕದಲ್ಲಿ ಅರಕ್ಕಲ್ ಮನೆತನದ ಕೈತಪ್ಪಿ ಟಿಪ್ಪು ಸುಲ್ತಾನರ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ಅವುಗಳನ್ನು ಮಂಗಳೂರಿಗೆ ಸೇರಿಸಿತು. 1956ರ ತನಕ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಇದ್ದವು. ದ್ವೀಪದವರು ತೆಂಗಿನ ನಾರಿನ ಹಗ್ಗ ತುಂಬಿದ ದೋಣಿಗಳಲ್ಲಿ ಮಂಗಳೂರಿಗೆ ಬಂದು ಅಕ್ಕಿ ಕೊಂಡುಹೋಗುತ್ತಿದ್ದರು. ಅವರ ಕಾಲಡಿಯ ನೆಲವೇ ಹವಳ. ಅದರ ಮೇಲೆ ಏನೇನು ವಾಸಿಸುತ್ತದೆ ಎಂದು ಬರೆದಿಡುವುದು ಮಾತ್ರ ಕಂದಾಯ ಇಲಾಖೆಯ ಕೆಲಸವಾಗಿರಲಿಲ್ಲ.

ಬರೆದಿಡುವ ಕೆಲಸ ಆರಂಭವಾದದ್ದು ‘ಇನ್ವೆಸ್ಟಿಗೇಟರ್’ ಎಂಬ ಹಡಗಿನಿಂದ. 1881ರಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ಸಿದ್ಧವಾದ ಈ ಮರದ ಉಗಿಹಡಗಿನ ನಿಜವಾದ ಉದ್ಯೋಗ ಭಾರತದ ಕಡಲಿನ ನಕ್ಷೆ ತಯಾರಿಸುವುದು. ಆಳ ಅಳೆಯುವ ಮಧ್ಯೆ ಬಿಡುವು ಸಿಕ್ಕಾಗ ತಳಕ್ಕೆ ಬಲೆ ಬಿಟ್ಟು ಎಳೆಯುವ ಅವಕಾಶ ಅದರ ವೈದ್ಯರಿಗಿತ್ತು. 1888ರಿಂದ 1892ರವರೆಗೆ ಈ ಹಡಗಿನಲ್ಲಿದ್ದ ವೈದ್ಯ ಆಲ್ಫ್ರೆಡ್ ಆಲ್ಕಾಕ್, ರೋಗಿಗಳಿಗಿಂತ ಹೆಚ್ಚಾಗಿ ಏಡಿ ಮೀನುಗಳನ್ನೇ ನೋಡಿದವರಿರಬೇಕು. ಮುಂದೆ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಮುಖ್ಯಸ್ಥರಾದ ಇವರು ಇನ್ವೆಸ್ಟಿಗೇಟರ್ ತಂದ ಆಳಸಮುದ್ರದ ಕಲ್ಲುಹವಳಗಳ ವಿವರವನ್ನು 1898ರಲ್ಲಿ ಪ್ರಕಟಿಸಿದರು. 1902ರಲ್ಲಿ ತಮ್ಮ ಕಡಲಿನ ದಿನಗಳನ್ನು ಕುರಿತು ಒಂದು ದೊಡ್ಡ ಪುಸ್ತಕವನ್ನೇ ಬರೆದರು.

ಆಳಸಮುದ್ರದ ಹವಳ ಎಂದರೆ ಏನು? ನಾವು ಚಿತ್ರಗಳಲ್ಲಿ ನೋಡುವ ಬಣ್ಣಬಣ್ಣದ ಹವಳ ಬಿಸಿಲು ಬೀಳುವ ನೀರಿನದು. ಅದರ ಮೈಯೊಳಗೆ ಸೂಕ್ಷ್ಮವಾದ ಪಾಚಿ ಇದ್ದು, ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೆ ಬಾಡಿಗೆ ಕೊಟ್ಟಂತೆ ಪಾಲು ಕೊಡುತ್ತದೆ. ಆಳದ ಹವಳಕ್ಕೆ ಈ ಅನುಕೂಲವಿಲ್ಲ. ಪದ್ಮನಾಭನಗರ ಸಮುದ್ರಮಟ್ಟದಿಂದ ಎಷ್ಟು ಮೇಲಿದೆಯೋ ಅಷ್ಟೇ ಕೆಳಗೆ, ಎಂದರೆ 900 ಮೀಟರ್ ಆಳದಲ್ಲಿ, ಕಗ್ಗತ್ತಲು ಮತ್ತು ಕೊರೆಯುವ ಚಳಿ. ಅಲ್ಲಿಯೂ ಹವಳಗಳಿವೆ. ಮೇಲಿನಿಂದ ಉದುರುವ ಚೂರುಪಾರು ಮತ್ತು ಪ್ರವಾಹದಲ್ಲಿ ತೇಲಿಬರುವ ಸಣ್ಣ ಜೀವಿಗಳನ್ನು ಹಿಡಿದು ತಿಂದು ಬದುಕುತ್ತವೆ, ಅತಿ ನಿಧಾನವಾಗಿ ಬೆಳೆಯುತ್ತವೆ. ಹವಾಯಿಯ ಆಳದಲ್ಲಿ ಸಿಕ್ಕ ಕರಿಹವಳದ ಒಂದು ಗಿಡಕ್ಕೆ (ಮತ್ತೆ ಗಿಡ ಎಂದೇ ಬಾಯಿಗೆ ಬರುತ್ತದೆ!) 4,000 ವರ್ಷಕ್ಕೂ ಹೆಚ್ಚು ವಯಸ್ಸೆಂದು 2009ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಕೆಸರಿನ ಬಯಲಿನ ನಡುವೆ ಹೀಗೆ ಗಟ್ಟಿಯಾಗಿ ನಿಂತದ್ದು ಒಂದೇ ಒಂದಿದ್ದರೂ ಸಾಕು, ಊರಿಗೊಂದು ಆಲದ ಮರ ಇದ್ದ ಹಾಗೆ ಸುತ್ತಲಿನದೆಲ್ಲ ಅದಕ್ಕೆ ಬಂದು ಸೇರಿಕೊಳ್ಳುತ್ತದೆ.

ಆಲ್ಕಾಕರ ಕಣ್ಣು ಇಂಥ ಸೇರುವಿಕೆಯ ಮೇಲೇ ಇತ್ತು. ಬಲೆ ಮೇಲೆ ಬಂದಾಗ ದೊಡ್ಡದನ್ನು ಎತ್ತಿಕೊಂಡು ಉಳಿದದ್ದನ್ನು ಚೆಲ್ಲುವುದು ವಾಡಿಕೆ. ಅವರು ಯಾವುದರ ಮೇಲೆ ಯಾವುದು ಅಂಟಿಕೊಂಡಿದೆ ಎಂದು ನೋಡುತ್ತಿದ್ದರು. ಚೇಳುಮೀನಿನ ಜಾತಿಯ ಒಂದು ಸಣ್ಣ ಮೀನಿನ ಚರ್ಮದ ಮೇಲೆ ಹವಳದ ದೂರದ ನೆಂಟನಾದ ಒಂದು ಪುಟ್ಟ ಜೀವಿ ಹಿಂಡುಕಟ್ಟಿ ಬೆಳೆದಿರುವುದನ್ನು 1892ರಲ್ಲಿ ವರ್ಣಿಸಿದರು. ಎಲ್ಲ ಕಡೆ ಮೀನು ಹವಳವನ್ನು ಆಶ್ರಯಿಸಿದರೆ ಇಲ್ಲಿ ಹವಳದ ನೆಂಟನೇ ಮೀನನ್ನು ಮನೆ ಮಾಡಿಕೊಂಡಿದೆ. ಇನ್ನೊಂದು ಇದಕ್ಕಿಂತ ವಿಚಿತ್ರ. ಸನ್ಯಾಸಿ ಏಡಿಗಳು ಖಾಲಿ ಶಂಖದೊಳಗೆ ಹಿಂಭಾಗವನ್ನು ತೂರಿಸಿಕೊಂಡು ಓಡಾಡುವುದನ್ನು ಕಡಲತೀರಕ್ಕೆ ಹೋದವರು ನೋಡಿರುತ್ತೀರಿ. ಆಲ್ಕಾಕರು 1899ರಲ್ಲಿ ವರ್ಣಿಸಿದ ಒಂದು ಏಡಿಗೆ ಶಂಖವೇ ಇಲ್ಲ. ಅದು ಬದುಕಿರುವ ಕಡಲಹೂವನ್ನೇ, ನಮ್ಮ ಕುರುಬರು ಕಂಬಳಿ ಹೊದ್ದಂತೆ, ಮೈಮೇಲೆ ಎಳೆದುಕೊಂಡು ಬದುಕುತ್ತದೆ. ಕಡಲಹೂ ಕೂಡ ಹವಳದ ಬಂಧುವೇ. ಏಡಿಗೆ ಚುಚ್ಚುವ ಕಂಬಳಿಯ ರಕ್ಷಣೆ, ಕಂಬಳಿಗೆ ಊರು ಸುತ್ತುವ ಯೋಗ.

ಈ ಹಡಗಿನ ಕೆಲಸದ ನಂತರ ನಮ್ಮ ಕರಾವಳಿಯ ಹವಳದ ಚರಿತ್ರೆಯಲ್ಲಿ ನಾನು ನೇರವಾಗಿ 1970ರ ದಶಕಕ್ಕೆ ಬರುತ್ತೇನೆ, ಏಕೆಂದರೆ ನನ್ನ ಮನಸ್ಸು ಇರುವುದು ಅಲ್ಲಿ.

ಡಾ. ಸೈಯದ್ ಜಹೂರ್ ಖಾಸಿಂ 1926ರಲ್ಲಿ ಅಲಹಾಬಾದಿನಲ್ಲಿ ಹುಟ್ಟಿದರು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿ, ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಬ್ಯಾಂಗರ್‌ಗೆ ಹೋಗಿ ಕಡಲಂಚಿನ ಮೀನುಗಳ ಮೇಲೆ ಸಂಶೋಧನೆ ನಡೆಸಿದರು. ಅಲಹಾಬಾದೂ ಅಲಿಗಢವೂ ಸಮುದ್ರದಿಂದ ನಮ್ಮ ಬೆಂಗಳೂರಿಗಿಂತ ದೂರದ ಊರುಗಳು, ಈ ಮಾತನ್ನು ಮಕ್ಕಳು ಗಮನಿಸಬೇಕು. 1974ರಲ್ಲಿ ಅವರು ಗೋವಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಅದಕ್ಕೂ ಮುಂಚೆಯೇ ಲಕ್ಷದ್ವೀಪದ ಕವರತ್ತಿಯಲ್ಲಿ ಹವಳದ ದಿಬ್ಬ ಸುತ್ತಲಿನ ನೀರಿಗೆ ಎಷ್ಟು ಆಹಾರ ಒದಗಿಸುತ್ತದೆ ಎಂದು ಸಹೋದ್ಯೋಗಿಯೊಬ್ಬರ ಜೊತೆ ಅಳೆದು 1970ರಲ್ಲಿ ಪ್ರಕಟಿಸಿದ್ದರು. 1981ರ ಡಿಸೆಂಬರ್ 6ರಂದು ಗೋವಾದಿಂದ ಹೊರಟ ಭಾರತದ ಮೊದಲ ಅಂಟಾರ್ಕ್ಟಿಕ ಯಾತ್ರೆಯ ನಾಯಕರೂ ಇವರೇ. 21 ಜನರ ತಂಡ 1982ರ ಜನವರಿ 9ರಂದು ಆ ಹಿಮಖಂಡದ ಮೇಲೆ ಇಳಿಯಿತು. ಪದ್ಮಶ್ರೀ, ಪದ್ಮಭೂಷಣ ಎರಡೂ ಬಂದವು. ಮುಂದೆ ಜಾಮಿಯಾ ಮಿಲ್ಲಿಯಾದ ಕುಲಪತಿಯಾಗಿ, ಯೋಜನಾ ಆಯೋಗದ ಸದಸ್ಯರಾಗಿ ಸೇವೆ ಸಲ್ಲಿಸಿ 2015ರಲ್ಲಿ ತೀರಿಕೊಂಡರು. ನಮ್ಮ ಶಾಲಾ ಸಮಾರಂಭಗಳಲ್ಲಿ ಅಬುಲ್ ಕಲಾಂ ಆಜಾದರ ಹೆಸರೂ ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಹೆಸರೂ ತಪ್ಪದೆ ಬರುತ್ತವೆ, ಬರಲೇಬೇಕು. ಖಾಸಿಂ ಅವರ ಹೆಸರನ್ನು ಒಂದು ಭಾಷಣದಲ್ಲಿಯೂ ನಾನು ಕೇಳಿಲ್ಲ.

ಅಂಟಾರ್ಕ್ಟಿಕ ಯಾತ್ರೆಯ ಸುದ್ದಿ ಪತ್ರಿಕೆಗಳ ಮುಖಪುಟದಲ್ಲಿ ಬಂತು. ಮಲ್ಪೆಯಾಚೆ ನಡೆದದ್ದು ಒಂದು ವಿಜ್ಞಾನ ಪತ್ರಿಕೆಯ ನಾಲ್ಕೇ ಪುಟಗಳಲ್ಲಿ ಮುಗಿಯಿತು. ಗೋವಾದ ಸಂಸ್ಥೆಗೆ 1976ರಲ್ಲಿ ‘ಗವೇಷಣಿ’ ಎಂಬ ಸಂಶೋಧನಾ ಹಡಗು ದೊರೆಯಿತು. ಕಲ್ಕತ್ತೆಯಲ್ಲಿ ಹೂಳು ಸಾಗಿಸುವುದಕ್ಕೆಂದು ಕಟ್ಟುತ್ತಿದ್ದ ಹಡಗನ್ನು ಬದಲಾಯಿಸಿ ಪ್ರಯೋಗಶಾಲೆಗಳನ್ನು ಅಳವಡಿಸಿ ಇದನ್ನು ಮಾಡಿದ್ದರು. ಹೂಳು ಹೊರಬೇಕಿದ್ದ ಹಡಗು 1981ರ ಜನವರಿ 26ರಂದು ಸಾಗರದ ತಳದಿಂದ ಭಾರತಕ್ಕೆ ಮೊದಲ ಲೋಹದ ಉಂಡೆಗಳನ್ನು ಎತ್ತಿ ತಂದಿತು. ಅದಕ್ಕೂ ಮೊದಲೇ, ಮಲ್ಪೆಯಿಂದ ಸುಮಾರು 100 ಕಿ.ಮೀ. ಪಶ್ಚಿಮಕ್ಕೆ, ನಕ್ಷೆಯಲ್ಲಿ ಸಪಾಟಾಗಿದ್ದ ಕಡಲತಳದಲ್ಲಿ ಒಂದು ದಿಬ್ಬವನ್ನು ಅದು ಪತ್ತೆಮಾಡಿತ್ತು.

ಪತ್ತೆ ಹೇಗಾಗುತ್ತದೆ ಎಂದರೆ, ಹಡಗಿನ ಅಡಿಯಿಂದ ಶಬ್ದವನ್ನು ಕೆಳಗೆ ಬಿಡುತ್ತಾರೆ. ಅದು ತಳಕ್ಕೆ ಬಡಿದು ಮರಳುವ ಕಾಲವನ್ನು ಯಂತ್ರ ಅಳೆಯುತ್ತದೆ. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ. ದಿಬ್ಬದ ನೆತ್ತಿ ಇದ್ದದ್ದು ಸುಮಾರು 40 ಮೀಟರ್ ಆಳದಲ್ಲಿ. ಹೋಗಿ ಬರುವ 80 ಮೀಟರಿಗೆ ಒಂದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು ಸಾಕು. ಅಷ್ಟರಲ್ಲಿ ಕಾಗದದ ಮೇಲೆ ಗೆರೆ ಮೇಲೇರುತ್ತದೆ. ಕಂಡದ್ದನ್ನು ಆರ್.ಆರ್. ನಾಯರ್ ಎಂಬ ಭೂವಿಜ್ಞಾನಿಯೂ ಖಾಸಿಂ ಅವರೂ ಸೇರಿ 1978ರಲ್ಲಿ ಪ್ರಕಟಿಸಿದರು. ಆ ದಿಬ್ಬದ ಮೇಲೆ ಸತ್ತ ಹವಳವಲ್ಲ, ಬದುಕಿರುವ ಹವಳವೇ ಇತ್ತು. ದಿಬ್ಬಕ್ಕೆ ಹಡಗಿನ ಹೆಸರೇ ನಿಂತಿತು: ಗವೇಷಣಿ ದಿಬ್ಬ.

ಹವಳ ಮಲ್ಪೆಯ ದಡದಲ್ಲಿ ಬೆಳೆಯದೆ 100 ಕಿ.ಮೀ. ಆಚೆ ಹೋಗಿ ಬೆಳೆದದ್ದೇಕೆ? ನಮ್ಮ ಮಳೆಯೇ ಉತ್ತರ. ಮುಂಗಾರಿನಲ್ಲಿ ಸೀತಾ, ಸ್ವರ್ಣಾ, ನೇತ್ರಾವತಿ ನದಿಗಳು ಘಟ್ಟದ ಮಣ್ಣನ್ನು ಹೊತ್ತು ತಂದು ದಡದ ನೀರನ್ನು ಚಹಾದ ಬಣ್ಣಕ್ಕೆ ತಿರುಗಿಸುತ್ತವೆ. ಕೆಸರು ಕೂತರೆ ಹವಳಕ್ಕೆ ಉಸಿರುಕಟ್ಟುತ್ತದೆ, ಸಿಹಿನೀರಂತೂ ಆಗಿಬರುವುದೇ ಇಲ್ಲ. ಅಷ್ಟು ದೂರದಲ್ಲಿ ನೀರು ತಿಳಿಯಾಗಿದ್ದು, ಸುಮಾರು 40 ಮೀಟರಿನವರೆಗೂ ಬಿಸಿಲಿನ ಅಲ್ಪಸ್ವಲ್ಪ ಪಾಲು ಇಳಿಯುತ್ತದೆ. ನಿಜವಾದ ಆಳಸಮುದ್ರ ಇದಲ್ಲ, ಬಿಸಿಲಿನ ಹವಳದ ಕೊನೆಯ ಮೆಟ್ಟಿಲು ಎನ್ನಬಹುದು. ಇನ್ನೊಂದು ಸಂಗತಿ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಈ ದಿಬ್ಬದ ಜಾಗವೂ ಒಣನೆಲವೇ. ಮಲ್ಪೆಯಿಂದ ಅಲ್ಲಿಯವರೆಗೆ ನಡೆದೇ ಹೋಗಬಹುದಿತ್ತು.

ಮರುವರ್ಷ, 1979ರಲ್ಲಿ, ಖಾಸಿಂ ಅವರು ವಾಫರ್ ಎಂಬ ಸಹೋದ್ಯೋಗಿಯೊಂದಿಗೆ ಪಶ್ಚಿಮ ಕರಾವಳಿಯ ಬೇರೆ ಹಲವು ಕಡೆಗಳಲ್ಲೂ ಬದುಕಿರುವ ಹವಳಗಳಿರುವುದನ್ನು ವರದಿ ಮಾಡಿದರು. ಭಾರತದ ಹವಳವೆಂದರೆ ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಕೊಲ್ಲಿ, ಕಚ್ಛ್ ಕೊಲ್ಲಿ ಎಂದು ನಾಲ್ಕು ಹೆಸರನ್ನು ಬಾಯಿಪಾಠ ಮಾಡಿಸುವ ನಮ್ಮಂಥ ಶಿಕ್ಷಕರು ಇದನ್ನೂ ಸೇರಿಸಿಕೊಳ್ಳಬಹುದು.

ಹವಳ ಸಿಕ್ಕಿತು ಎಂದಾಗ ಅರ್ಧ ಕೆಲಸ ಮಾತ್ರ ಆದಂತೆ. ಅದರ ಒಕ್ಕಲು ತಾನಾಗಿ ಕಣ್ಣಿಗೆ ಬೀಳುವಂಥದ್ದಲ್ಲ. ಗಂಟು ಏಡಿ ಎನ್ನಬಹುದಾದ ಒಂದು ಜೀವಿಯಿದೆ, 1859ರಲ್ಲಿ ವಿಜ್ಞಾನಕ್ಕೆ ಪರಿಚಯವಾದದ್ದು. ಮರಿ ಹೆಣ್ಣೇಡಿ ಹವಳದ ಕೊಂಬೆಯ ಕವಲಿನಲ್ಲಿ ಬಂದು ಕೂರುತ್ತದೆ. ಅದು ಉಸಿರಾಟಕ್ಕೆ ಹರಿಸುವ ನೀರಿನ ಸೆಳೆತಕ್ಕೆ ಹವಳ ತನ್ನ ಬೆಳವಣಿಗೆಯನ್ನೇ ಬದಲಿಸಿ, ಎರಡೂ ಕಡೆಯಿಂದ ಬೊಗಸೆಯಂತೆ ಬೆಳೆದು ಕೂಡಿಕೊಳ್ಳುತ್ತದೆ. ಉಳಿಯುವುದು ನೀರು ಆಡುವಷ್ಟು ಸಣ್ಣ ಕಿಂಡಿಗಳು. ಏಡಿ ಆಯುಷ್ಯವೆಲ್ಲ ಆ ಕೋಣೆಯಲ್ಲೇ. ಬಹಳ ಚಿಕ್ಕದಾದ ಗಂಡು ಮಾತ್ರ ಹೊರಗಿದ್ದು ಬಂದು ಹೋಗುತ್ತದೆ. ಕೊಂಬೆಯ ಮೇಲಿನ ಒಂದು ಗಂಟು ಎಂದು ತಿಳಿದು ಎಷ್ಟು ಜನ ಅದನ್ನು ಪಕ್ಕಕ್ಕಿಟ್ಟಿರಬಹುದು!

1969ರಲ್ಲಿ ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಜಾರ್ಜ್ ಬಾರ್ಗಿಬಾಂ ಎಂಬವರು ಬೀಸಣಿಗೆಯಾಕಾರದ ಹವಳವೊಂದನ್ನು ನೀರಿನಿಂದ ಮೇಲೆ ತಂದು ಮೇಜಿನ ಮೇಲಿಟ್ಟು ಪರೀಕ್ಷಿಸುತ್ತಿದ್ದರು. ಅದರ ಗುಲಾಬಿ ಬಣ್ಣದ ಮೊಗ್ಗುಗಳಲ್ಲಿ ಎರಡಕ್ಕೆ ಕಣ್ಣು ಇರುವಂತೆ ಕಂಡಿತು. ಅವು ಎರಡು ಸೆಂಟಿಮೀಟರ್ ಉದ್ದದ ಕಡಲಕುದುರೆಗಳು. ಅದೇ ಬಣ್ಣ, ಮೈಮೇಲೆ ಅದೇ ಗುಬುಟುಗಳು. ಮರುವರ್ಷ ಆ ಕುದುರೆಗೆ ಅವರ ಹೆಸರನ್ನೇ ಇಟ್ಟರು. ಈಜುಗಾರರು ಅದೇ ಬಗೆಯ ಹವಳದ ಪಕ್ಕದಲ್ಲಿ ಎಷ್ಟು ಸಲ ಹಾದುಹೋಗಿದ್ದರೋ!

ಇನ್ನೂ ಆಳಕ್ಕೆ ಹೋದರೆ, ಉತ್ತರ ಅಟ್ಲಾಂಟಿಕ್‌ನ ಮುಳುಗಿದ ಬೆಟ್ಟಗಳ ಮೇಲೆ, 1,000 ಮೀಟರಿಗೂ ಕೆಳಗೆ, ಹೊಂಬಣ್ಣದ ಒಂದು ಹವಳವಿದೆ. ಅದರ ಮೇಲೆ ನಕ್ಷತ್ರಮೀನಿನ ನೆಂಟನಾದ, ಹಾವಿನಂತೆ ತೋಳು ಸುತ್ತಿಕೊಳ್ಳುವ ಒಂದು ಜೀವಿ. ಯಂತ್ರಕ್ಕೆ ಕ್ಯಾಮೆರಾ ಕಟ್ಟಿ ಇಳಿಸಿ ನೋಡಿದವರು 2009ರಲ್ಲಿ ಬರೆದದ್ದು ಇದು: ಒಂದು ಹವಳಕ್ಕೆ ಒಂದೇ ಜೀವಿ. ಎಳೆಯ ಹವಳದ ಮೇಲೆ ಎಳೆಯದು, ಮುದಿ ಹವಳದ ಮೇಲೆ ಮುದಿಯದು. ಚಿಕ್ಕಂದಿನಲ್ಲಿ ಬಂದು ಸೇರಿ ಜೊತೆಯಲ್ಲೇ ವಯಸ್ಸಾಗುತ್ತವೆ. ಆ ಜೀವಿಯ ಹೆಸರು 1879ರಿಂದಲೇ ಪುಸ್ತಕದಲ್ಲಿತ್ತು. ಅದರ ಸಂಸಾರ ಹೇಗೆಂದು ತಿಳಿಯಲು 130 ವರ್ಷ ಬೇಕಾಯಿತು. ಬಲೆಯಲ್ಲಿ ಎಳೆದು ತಂದಾಗ ಎರಡೂ ಬೇರೆ ಬೇರೆಯಾಗಿ, ತುಂಡಾಗಿ ಬರುವುದರಿಂದ ಯಾರು ಯಾರ ಮನೆಯವರು ಎಂದು ಹೇಳುವುದು ಕಷ್ಟ.

ಬಲೆಯ ಮಾತು ಬಂದದ್ದರಿಂದ ಹೇಳಲೇಬೇಕು. ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ತಳವನ್ನು ಬಾಚುವ ಬಲೆಗಳನ್ನು ಎಳೆಯುತ್ತವೆ. ಅದರಲ್ಲಿ ಹೊಟ್ಟೆಪಾಡು ಇದೆ, ನಮ್ಮ ಮಾರುಕಟ್ಟೆಯ ಸಿಗಡಿ ಬರುವುದೂ ಹಾಗೆಯೇ. ಮೀನುಗಾರರನ್ನು ದೂರಿ ನಾವು ಬಿರಿಯಾನಿ ತಿನ್ನುವುದು ಸರಿಯಲ್ಲ. ಆದರೆ ಅಂಥ ಬಲೆ ಒಮ್ಮೆ ಹಾದರೆ ನೂರಾರು ವರ್ಷದ ಹವಳ ಒಕ್ಕಲಿನ ಸಮೇತ ಮುರಿಯುತ್ತದೆ. ಮೇಲಿನಿಂದ ಇನ್ನೊಂದು ಕಷ್ಟ: ನೀರು ಕಾದು 1998, 2010, 2016 ಮತ್ತು 2024ರಲ್ಲಿ ಲಕ್ಷದ್ವೀಪದ ಹವಳಗಳು ಬೆಳ್ಳಗಾದವು, ಎಂದರೆ ಒಳಗಿನ ಪಾಚಿಯನ್ನು ಕಳೆದುಕೊಂಡವು. 2001ರಲ್ಲಿ ಕೇಂದ್ರ ಸರ್ಕಾರ ಕಲ್ಲುಹವಳ, ಕರಿಹವಳ, ಬೀಸಣಿಗೆ ಹವಳಗಳನ್ನು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ, ಹುಲಿಯಿರುವ ಪಟ್ಟಿಗೇ ಸೇರಿಸಿತು. ಕಡಲತೀರದಿಂದ ಹವಳದ ತುಂಡನ್ನು ಶೋಕೇಸಿಗೆಂದು ತರುವುದೂ ಅಪರಾಧವೇ.

ಭಟ್ಕಳದ ನೆಂಟರಿದ್ದವರು ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪವನ್ನು ಬಲ್ಲಿರಿ. 2008ರಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿಯ ಹವಳದ ನಡುವೆ ವಾಸಿಸುವ ಜೀವಿಗಳ ಪಟ್ಟಿಯನ್ನು ಪ್ರಕಟಿಸಿದರು. ದಡದ ಹತ್ತಿರದ ದ್ವೀಪ, ಮುಳುಗಿ ನೋಡಬಹುದಾದ ಆಳ. ಆದ್ದರಿಂದ ಅಲ್ಲಿ ಪಟ್ಟಿ ಸಾಧ್ಯವಾಯಿತು. ಗವೇಷಣಿ ದಿಬ್ಬದ ನೆತ್ತಿ ಸಾಮಾನ್ಯ ಈಜುಗಾರರ ಮಿತಿಯಾಚೆಗಿದೆ, ಸುತ್ತಲೂ ತೆರೆದ ಕಡಲು. ಅಲ್ಲಿಗೆ ಒಳ್ಳೆಯ ತರಬೇತಿಯ ಮುಳುಗುಗಾರರು ಬೇಕು, ಇಲ್ಲವೇ ಕ್ಯಾಮೆರಾ ಹೊತ್ತ ಯಂತ್ರ ಬೇಕು. 2021ರಲ್ಲಿ ಕೇಂದ್ರ ಸರ್ಕಾರ ಮಂಜೂರು ಮಾಡಿದ ಆಳಸಾಗರ ಯೋಜನೆಯಲ್ಲಿ ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯುವ ‘ಮತ್ಸ್ಯ’ ನೌಕೆಯ ತಯಾರಿ ಸೇರಿದೆ. ಅಷ್ಟು ಆಳಕ್ಕೆ ಹೋಗುವವರು ದಾರಿಯಲ್ಲಿ ನಮ್ಮ ಈ 40 ಮೀಟರಿನ ದಿಬ್ಬದ ಮೇಲೂ ಒಂದು ದಿನ ದೀಪ ಹಾಯಿಸಲಿ ಎಂಬುದು ನನ್ನ ಆಸೆ.

ಗವೇಷಣಿ ಹಡಗು 1994ರಲ್ಲಿ ಸೇವೆಯಿಂದ ನಿವೃತ್ತವಾಯಿತು. ಅದರ ಹೆಸರಿನ ದಿಬ್ಬದ ಜಾಗವನ್ನು ನಮ್ಮ ಶಾಲೆಯ ಗೋಡೆನಕ್ಷೆಯಲ್ಲಿ ಗುರುತಿಸಲು ಹೋದೆವು. ಮಲ್ಪೆಯಿಂದ ಪಶ್ಚಿಮಕ್ಕೆ ಸ್ಕೇಲಿಟ್ಟು ಅಳೆದಾಗ ಅದು ಬರೀ ನೀಲಿಯಲ್ಲಿ ಬಿತ್ತು, ಅಕ್ಷರವೊಂದೂ ಇಲ್ಲದ ಕಡೆ. ಪ್ರಶ್ನೆ ಕೇಳಿದ್ದ ಹುಡುಗನೇ ಬೆಂಚು ಹತ್ತಿ ಪೆನ್ಸಿಲಿನಿಂದ ಸಣ್ಣ ಚುಕ್ಕೆಯಿಟ್ಟು, ಪಕ್ಕದಲ್ಲಿ ಕನ್ನಡದಲ್ಲಿ ‘ಗವೇಷಣಿ’ ಎಂದೂ ಕೆಳಗೆ ಉರ್ದುವಿನಲ್ಲಿ ‘ಮರ್ಜಾನ್’ ಎಂದೂ ಬರೆದ. ಸರಸ್ವತಿ ಮೇಡಂ ಅವರ ಭೂಗೋಳದ ನಕ್ಷೆ ಅದು. ಅಳಿಸಬೇಡಿ ಎಂದು ಅವರಲ್ಲಿ ಕೇಳಿಕೊಂಡಿದ್ದೇನೆ.